ಗುಮ್ಮಟಕ್ಕೆ ಮೆಟ್ಟಿಲು

"ಇದಕ್ಕ ಎಷ್ಟ್ ಕೊಡ್ತಾರ?"

ನಾನು ಕಸೂತಿ ಹಾಕುತ್ತ ಕೂತಿದ್ದನ್ನು ಮೊದಲ ಸಲ ಕಂಡಾಗ ಅವ್ವ ಕೇಳಿದ್ದು ಇದೊಂದೇ ಪ್ರಶ್ನೆ. ದೀಪಾವಳಿ ರಜೆಗೆ ಬೆಂಗಳೂರಿನಿಂದ ವಿಜಯಪುರಕ್ಕೆ ಬಂದಿದ್ದೆ. ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬಟ್ಟೆ ಇಟ್ಟುಕೊಂಡು ಎಳೆ ಎಣಿಸುತ್ತಿದ್ದೆ. "ಯಾರೂ ಏನೂ ಕೊಡಂಗಿಲ್ಲವ್ವಾ, ಸುಮ್ನ ಖುಷಿಗೆ" ಅಂದೆ. "ಸುಮ್ನ?" ಅಂದಳು. ಆ ಶಬ್ದವನ್ನು ಅಲ್ಲೇ ಬಿಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು.

ಕೊಂಕು ಮಾತಲ್ಲ ಅದು. ನಾನು ಶಾಲೆಗೆ ಹೋಗುತ್ತಿದ್ದಾಗ ಅವ್ವ ಸುಮಾರು ಹತ್ತು ವರ್ಷ ಆರ್ಡರಿಗೆ ಕಸೂತಿ ಹಾಕಿದವಳು. ಸೀರೆ, ದಾರ ಎಲ್ಲ ಅವರೇ ತಂದುಕೊಡುತ್ತಿದ್ದರು. ಗೋಪುರಕ್ಕೆ ಇಷ್ಟು, ನವಿಲಿಗೆ ಇಷ್ಟು, ಅಂಚಿಗೆ ಗೇಣಿನ ಲೆಕ್ಕ. ನನ್ನ ಟ್ಯೂಷನ್ ಫೀಸು ಆ ನವಿಲುಗಳಿಂದ ಬಂದದ್ದು. ಹತ್ತಿರ ಹೋಗಿ ಸೂಜಿ ಮುಟ್ಟಿದರೆ ಕೈಮೇಲೆ ಒಂದು ಏಟು ಬೀಳುತ್ತಿತ್ತು. "ನೀ ಓದಕೋ. ಈ ಕೆಲಸ ನಿನಗ ಬ್ಯಾಡ." ಕಣ್ಣು ಮಂಜಾಗಿ, ಕುತ್ತಿಗೆ ಹಿಡಿದುಕೊಂಡ ಮೇಲೆ ಬಿಟ್ಟಳು. ಅಷ್ಟು ಸೀರೆಗಳಿಗೆ ಕಸೂತಿ ಹಾಕಿದವಳ ಟ್ರಂಕಿನಲ್ಲಿ ಕಸೂತಿ ಸೀರೆ ಒಂದೂ ಇಲ್ಲ. ಅಂಥವಳ ಎದುರು ಕೂತು ನಾನು ಹಾಬಿ ಅಂತಿದ್ದೆ.

ನನಗೆ ಈ ಹುಚ್ಚು ಹಿಡಿದ ಬಗೆ ನಿಮಗೂ ಗೊತ್ತಿರುವಂಥದ್ದೇ. ದಿನಕ್ಕೆ ಹತ್ತು ತಾಸು ಲ್ಯಾಪ್‌ಟಾಪು, ಅದು ಮುಚ್ಚಿದ ಮೇಲೆ ಮೊಬೈಲು. ಕೈಗಳಿಗೆ ಟೈಪ್ ಮಾಡುವುದು ಬಿಟ್ಟು ಬೇರೆ ಏನೂ ಗೊತ್ತಿಲ್ಲ ಅನ್ನಿಸಿದ ಒಂದು ರಾತ್ರಿ ಆನ್‌ಲೈನಲ್ಲಿ ಎಂಬ್ರಾಯ್ಡರಿ ಕಿಟ್ ತರಿಸಿದೆ. ಬಟ್ಟೆಯ ಮೇಲೆ ಮೊದಲೇ ಅಚ್ಚಾದ ಲ್ಯಾವೆಂಡರ್ ಹೂಗಳು. ಮೂರು ಹೂಗೊಂಚಲು ಮುಗಿಯುವಷ್ಟರಲ್ಲಿ ಬೇಜಾರು. ಲ್ಯಾವೆಂಡರನ್ನು ನಾನು ಸೋಪಿನ ಕವರಿನ ಮೇಲೆ ಬಿಟ್ಟರೆ ಎಲ್ಲೂ ನೋಡಿದವಳಲ್ಲ. ಆಮೇಲೆ ಶನಿವಾರದ ಕಸೂತಿ ಕ್ಲಾಸೊಂದಕ್ಕೆ ಸೇರಿದೆ. ಟೀಚರ್ ಬೋರ್ಡಿನ ಮೇಲೆ ನಾಲ್ಕು ಹೊಲಿಗೆಗಳ ಹೆಸರು ಬರೆದರು: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಎದೆ ಧಸಕ್ಕೆಂದಿತು. ಇವು ನಮ್ಮ ಅಡುಗೆಮನೆಯಲ್ಲಿ ಕೇಳಿದ ಶಬ್ದಗಳು, ಅವ್ವ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದವು. ನನಗೆ ಅವುಗಳ ಅರ್ಥ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತಿತ್ತು.

ಕಸೂತಿಯ ಮಜಾ ಏನೆಂದರೆ ಅದರಲ್ಲಿ ಅಚ್ಚು ಇಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೋಗುತ್ತೀರಿ, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತೀರಿ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಮುರ್ಗಿಯೂ ಅಷ್ಟೇ, ಅದು ಮೆಟ್ಟಿಲಿನಂತೆ ಏರುತ್ತ ಹೋಗುತ್ತದೆ. ನೇಯ್ಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ, ಮೆಂತಿಯೆಂದರೆ ಕ್ರಾಸ್ ಸ್ಟಿಚ್. ಸೂಜಿ ಹಾಕುವ ಮುಂಚೆ ತಲೆಯಲ್ಲೇ ಇಡೀ ದಾರಿ ಹಾಕಿಕೊಳ್ಳಬೇಕು. ಎಲ್ಲಿ ಕವಲು ಹೊಡೆಯಬೇಕು, ಎಲ್ಲಿಂದ ತಿರುಗಬೇಕು ಎಂದು ತಿಳಿಯದಿದ್ದರೆ ನಡುವೆ ಸಿಕ್ಕಿಹಾಕಿಕೊಂಡಿರಿ ಅಂತಲೇ ಲೆಕ್ಕ. ಕಾಲೇಜಿನಲ್ಲಿ ಗ್ರಾಫ್ ಥಿಯರಿ ಓದಿದವರಿಗೆ ಕೊನಿಗ್ಸ್‌ಬರ್ಗಿನ ಏಳು ಸೇತುವೆಗಳು ನೆನಪಿರಬಹುದು. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಇಡೀ ಊರು ಸುತ್ತಲು ಆಗುವುದಿಲ್ಲ ಎಂದು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲಿ ತೋರಿಸಿದ. ಎರಡೆರಡು ಸಲ ದಾಟಬಹುದು ಅಂದರೆ ಹೊರಟಲ್ಲಿಗೇ ಬಂದು ಮುಟ್ಟಬಹುದು. ಗವಂತಿ ಮಾಡುವುದು ಅದನ್ನೇ. ಅವ್ವ ಓದಿದ್ದು ಏಳನೇ ಇಯತ್ತೆ.

ಇದೇ ಹೊಲಿಗೆಗೆ ಯುರೋಪಿನಲ್ಲಿ ಹೋಲ್ಬೈನ್ ಸ್ಟಿಚ್ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ 16ನೇ ಶತಮಾನದ ಚಿತ್ರಕಾರ. ಇಂಗ್ಲೆಂಡಿನ ರಾಣಿ ಜೇನ್ ಸೀಮರಳ ಚಿತ್ರದಲ್ಲಿ ಅವನು ಅವಳ ತೋಳಿನ ತುದಿಯ ಕಪ್ಪು ದಾರದ ಕೆಲಸವನ್ನು ಒಂದೊಂದು ಹೊಲಿಗೆಯೂ ಕಾಣುವಂತೆ ಬಿಡಿಸಿದ್ದಾನೆ. ಹೊಲಿದವಳಿಗಲ್ಲ, ಚಿತ್ರ ಬರೆದವನಿಗೆ ಹೆಸರು. ಅದನ್ನು ಓದಿದಾಗ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಸರಿ, ಹೊಲಿಗೆ ಕಲಿತೆ. ಏನನ್ನು ಹಾಕುವುದು? ಪಿಂಟರೆಸ್ಟ್ ತೆರೆದರೆ ಸಾವಿರ ಚಿತ್ರ. ಒಂದೊಂದೂ ಚಂದ, ಒಂದೂ ನನ್ನದಲ್ಲ. ಹಳೆಯ ಕಸೂತಿಯವರಿಗೆ ಈ ತಲೆನೋವು ಇರಲಿಲ್ಲ ಅನ್ನಿಸುತ್ತದೆ. ಕಣ್ಣಿಗೆ ಬಿದ್ದದ್ದನ್ನೇ ಸೀರೆಗೆ ಏರಿಸಿದ್ದಾರೆ: ತುಳಸಿಕಟ್ಟೆ, ತೇರು, ಆನೆ, ಗಿಳಿ, ತೊಟ್ಟಿಲು, ಗೋಪುರ. ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ರ, ದೂರ ಹೋದಂತೆ ಸಣ್ಣಸಣ್ಣವು. ಹಾಗಾದರೆ ನನ್ನ ಕಣ್ಣಿಗೆ ಏನು ಬಿದ್ದಿದೆ ಎಂದು ಯೋಚಿಸಿ, ಆ ರಜೆಯಲ್ಲೇ ಗ್ರಾಫ್ ಪುಸ್ತಕ ಹಿಡಿದುಕೊಂಡು ಇಬ್ರಾಹಿಂ ರೋಜಾಕ್ಕೆ ಹೋದೆ.

ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗ ಅದು. ಓಡಾಡಿದ್ದೇನೆ, ನೋಡಿರಲಿಲ್ಲ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ, ಅವುಗಳ ಸಂದಿಯಿಂದ ಬೆಳಕು ಬರುತ್ತದೆ. ಗೋಡೆಯ ತುಂಬ ಚೌಕ, ನಕ್ಷತ್ರ, ಬಳ್ಳಿ. ಒಂದು ಪಟ್ಟಿಯ ಮುಂದೆ ಕೂತು ಚೌಕ ಎಣಿಸತೊಡಗಿದೆ. ಕಾವಲಿನವರು ಎರಡು ಸಲ ಬಂದು ನೋಡಿ ಹೋದರು. ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಪುಟ ತುಂಬಿತ್ತು, ಹಸಿವಾದದ್ದೇ ಗೊತ್ತಾಗಿರಲಿಲ್ಲ. ಸ್ಫೂರ್ತಿ ಅಂತ ಯಾವುದನ್ನು ಕರೆಯುತ್ತಾರೋ ನನಗೆ ಗೊತ್ತಿಲ್ಲ. ನನಗೆ ಅದು ಎಣಿಸಲು ಶುರು ಮಾಡಿದ ಮೇಲೆ ಬಂತು, ಮೊದಲಲ್ಲ.

ಆ ಜಾಲರಿ ಬಟ್ಟೆಯ ಮೇಲೆ ಚೆನ್ನಾಗಿಯೇ ಕೂತಿತು. ಸೊಕ್ಕು ಬಂತು. ಮರುದಿನ ಗೋಲಗುಮ್ಮಟಕ್ಕೆ ಕೈ ಹಾಕಿದೆ. ಅಲ್ಲೇ ಕೆಟ್ಟೆ.

1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಅದು. ಕೆಳಗೆ ಚೌಕ, ಮೇಲೆ ದುಂಡು. ಕಟ್ಟಿದವರು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿ, ಚೌಕವನ್ನು ಎಂಟು ಮೂಲೆ ಮಾಡಿ, ಆಮೇಲೆ ಅದರ ಮೇಲೆ ಗುಮ್ಮಟ ಕೂರಿಸಿದ್ದಾರೆ. ನನ್ನ ಬಟ್ಟೆಯ ಮೇಲೆ ಕೆಳಗಿನ ಚೌಕ ಬಂತು, ಮೂಲೆಯ ಮಿನಾರುಗಳೂ ಬಂದವು. ಗುಮ್ಮಟ ಬರಲಿಲ್ಲ. ಕಸೂತಿಯ ಸೂಜಿಗೆ ಅಡ್ಡ, ಉದ್ದ, ಓರೆ ಇಷ್ಟೇ ಗೊತ್ತು. ಎರಡು ಸಂಜೆ ಹೆಣಗಿ ಒಂದು ಸೊಟ್ಟ ಕುಂಬಳಕಾಯಿ ತಯಾರಾಯಿತು.

ಮೂರನೇ ಸಂಜೆ ಅವ್ವ ಬಂದು ಕೈ ಚಾಚಿದಳು. ಬಟ್ಟೆ ಕೊಟ್ಟೆ. ಮುಂಭಾಗವನ್ನು ಅವಳು ನೋಡಲೇ ಇಲ್ಲ, ತಿರುವಿ ಹಾಕಿ ಹಿಂದಿನದನ್ನು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದಳು, ಬೆರಳಿನಿಂದ ಸವರಿದಳು.

"ಜಾಲರಿ ಬರೋಬ್ಬರಿ ಐತಿ. ಇದೇನ್ ಹುಚ್ಚಾಟ ಮಾಡೀಯವಾ?"

"ಗುಮ್ಮಟ. ದುಂಡಗ ಬರವಲ್ತು."

"ದುಂಡಂದು ಇದರಾಗ ಬರಂಗಿಲ್ಲ. ಮೆಟ್ಟಲಾ ಮಾಡಿ ಏರಸಬೇಕು. ದೂರಿಂದ ನೋಡಿದಾಂವಗ ದುಂಡ ಕಾಣತೈತಿ."

ಹೇಳುತ್ತಲೇ ನನ್ನ ಎರಡು ಸಂಜೆಗಳನ್ನು ಐದು ನಿಮಿಷದಲ್ಲಿ ಬಿಚ್ಚಿ ಹಾಕಿದಳು. ದಾರ ಪೋಣಿಸಲು ಕಣ್ಣು ಸಾಲದು, ಪೋಣಿಸಿ ಕೊಟ್ಟೆ. ಎಳೆಯನ್ನೂ ಅವಳು ಕಣ್ಣಿನಿಂದ ಎಣಿಸುತ್ತಿರಲಿಲ್ಲ. ಸೂಜಿಯ ಮೊನೆ ಬಟ್ಟೆಯ ಮೇಲೆ ಟಕ್ ಟಕ್ ಅಂತ ಎಡವುತ್ತ ಹೋಗುತ್ತಿತ್ತು, ನಾಲ್ಕಕ್ಕೆ ಒಳಗೆ ಇಳಿಯುತ್ತಿತ್ತು. ಮುರ್ಗಿಯಲ್ಲಿ ಎಡಗಡೆಯ ಏರು ಮುಗಿಸಿ, ನೆತ್ತಿ ದಾಟಿಸಿ, ಬಲಗಡೆ ನನಗೆ ಬಿಟ್ಟಳು. ಮೊದಲು ಉದ್ದ ಮೆಟ್ಟಿಲು, ಆಮೇಲೆ ಗಿಡ್ಡ, ನೆತ್ತಿಯ ಹತ್ತಿರ ಅಗಲ. ಇಷ್ಟೇ ಗುಟ್ಟು. ನಾನು ಕ್ಲಾಸಿಗೆ ಕೊಟ್ಟ ಫೀಸನ್ನು ಅವಳಿಗೆ ಹೇಳಿಲ್ಲ.

ಆಗಲೇ ಕೇಳಿದ್ದು. ಎದುರುಬದುರು ಕೂತಿದ್ದರೆ ಕೇಳಲು ಆಗುತ್ತಿರಲಿಲ್ಲ, ಇಬ್ಬರ ಕಣ್ಣೂ ಬಟ್ಟೆಯ ಮೇಲಿತ್ತು. "ಅವ್ವಾ, ನಿನಗ ಇದು ಒಂದ್ ದಿನಾನೂ ಖುಷಿ ಕೊಟ್ಟಿಲ್ಲೇನು?"

ಬಹಳ ಹೊತ್ತು ಸುಮ್ಮನಿದ್ದಳು. "ಒಮ್ಮೆ ಒಂದು ತೇರ ಹಾಕಿದ್ನಿ. ಯಾರೂ ಹೇಳಿದ್ದಲ್ಲ, ನಮ್ಮೂರ ಜಾತ್ರ್ಯಾಗಿಂದು. ಸೀರಿ ಮುಗದಿತ್ತು, ಆದರ ಕೊಡಬೇಕನಸಲಿಲ್ಲ. ಎರಡ ದಿನ ಟ್ರಂಕಿನ್ಯಾಗ ಇಟಗೊಂಡ ಕುಂತೆ. ಮಧ್ಯಾಹ್ನ ಒಮ್ಮೆ ತಗದ ನೋಡೂದು, ಮತ್ತ ಮಡಚಿ ಇಡೂದು."

"ಆಮ್ಯಾಲ?"

"ಕೊಟ್ಟೆ. ತಡಾ ಮಾಡಿದಿ ಅಂತ ರೊಕ್ಕ ಹಿಡದರು."

ಅಷ್ಟು ಹೇಳಿ ಹಾಲು ಕಾಯಿಸಲು ಎದ್ದಳು. ಇಷ್ಟು ವರ್ಷ ನಾನು ಅವ್ವನ ಕಸೂತಿಯನ್ನು ಕಷ್ಟದ ಖಾತೆಗೆ ಮಾತ್ರ ಬರೆದಿಟ್ಟಿದ್ದೆ. ಬೆಂಗಳೂರಿನ ಗೆಳತಿಯರಿಗೆ ಹೇಳುವಾಗಲೂ ಹಾಗೇ ಹೇಳುತ್ತಿದ್ದೆ, ಹೇಳುತ್ತ ಒಂದಿಷ್ಟು ಹೆಮ್ಮೆಯೂ ಪಡುತ್ತಿದ್ದೆ. ಆ ಎರಡು ದಿನಗಳನ್ನು ಎಲ್ಲಿ ಬರೆಯಲಿ? ಹಾಗಂತ ಅವಳಿಗೂ ನನಗೂ ಸಿಕ್ಕಿದ ಖುಷಿ ಒಂದೇ ಅನ್ನಲು ನನಗೆ ಬಾಯಿಲ್ಲ. ನನ್ನ ಸೂಜಿ ತಪ್ಪಿದರೆ ಯಾರೂ ರೊಕ್ಕ ಹಿಡಿಯುವುದಿಲ್ಲ.

ಕಸೂತಿಗೆ ಈಗ ಜಿಐ ಮಾನ್ಯತೆ ಇದೆ. ನಮ್ಮ ಕಡೆಯ ತಾಂಡಾಗಳ ಹೆಂಗಸರು ಹಾಕುವಂಥ ಲಂಬಾಣಿ ಕಸೂತಿಯಲ್ಲೂ ಸಂಡೂರಿನದಕ್ಕೆ ಸಿಕ್ಕಿದೆ. ಒಳ್ಳೆಯದೇ. ಅಂಗಡಿಯಲ್ಲಿ ಸೀರೆಯ ಬೆಲೆ ನೋಡಿದಾಗಲೆಲ್ಲ ಮಾತ್ರ ನನ್ನ ಬಾಯಿಗೆ ಅವ್ವನ ಪ್ರಶ್ನೆಯೇ ಬರುತ್ತದೆ: ಹಾಕಿದಾಕಿಗೆ ಎಷ್ಟ್ ಕೊಟ್ಟಾರ?

ಹೊರಡುವ ದಿನ ಆ ತೇರು ಹೇಗಿತ್ತು ಬಿಡಿಸಿ ತೋರಿಸು ಎಂದು ಗಂಟುಬಿದ್ದೆ. ಕರೆಂಟ್ ಬಿಲ್ಲಿನ ಹಿಂದೆ ಚುಕ್ಕಿ ಇಡುತ್ತ ಹೋದಳು. ಕಳಸ ಬಂತು, ಬಾವುಟ ಬಂತು, ಒಂದೊಂದು ಅಂಕಣವೂ ಬಂತು. ಕೆಳಗೆ ಬಂದವಳು ನಿಂತುಬಿಟ್ಟಳು. "ಗಾಲಿ ನೆನಪಾಗವಲ್ತು. ದುಂಡಗಿರತೈತಿ ನೋಡು ಅದು. ಹ್ಯಾಂಗ್ ಮಾಡಿದ್ನೋ ಏನೋ." ಉಳಿದ ಬಟ್ಟೆ, ದಾರ, ಪೋಣಿಸಿಟ್ಟ ಹನ್ನೆರಡು ಸೂಜಿಗಳನ್ನು ಅವಳ ಹತ್ತಿರ ಬಿಟ್ಟು ಬಸ್ ಹತ್ತಿದೆ.

ಮೂರು ವಾರ ಆ ಸುದ್ದಿಯೇ ಇರಲಿಲ್ಲ. ಫೋನು ಮಾಡಿದರೆ ಊಟ ಆತೇನ, ಮಳಿ ಬಂತೇನ, ಅಷ್ಟೇ. ಮೊನ್ನೆ ಮೀಟಿಂಗಿನ ನಡುವೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಅಲ್ಲಾಡಿದ ಫೋಟೋ, ಅರ್ಧ ಅವಳ ಹೆಬ್ಬೆರಳೇ ಇದೆ. ಉಳಿದರ್ಧದಲ್ಲಿ ಕೆಂಪು ದಾರದ ಒಂದು ಗಾಲಿ, ಎಂಟು ಮೂಲೆಯದು. ಕೆಳಗೆ ವಾಯ್ಸ್ ಮೆಸೇಜು: "ಹಿಂದಿಂದೂ ಕಳಸ್ತೀನಿ, ತಡಿ."