ಆಕಾಶಬುಟ್ಟಿಯ ಎಂಟನೇ ಒಂದು ಪಾಲು

ದೀಪಾವಳಿ ಹತ್ತಿರ ಬಂತೆಂದರೆ ಬೆಳಗಾವಿಯ ಖಡೇಬಜಾರಿನಲ್ಲಿ ಆಕಾಶಬುಟ್ಟಿಗಳು ತೂಗಾಡುತ್ತವೆ, ಗಲ್ಲಿಯ ಹುಡುಗರು ಮಣ್ಣು ಹೊತ್ತು ತಂದು ಕಿಲ್ಲೆ ಕಟ್ಟುತ್ತಾರೆ. ಚಿಕ್ಕ ಮಕ್ಕಳ ಪಾಟೀಚೀಲದಲ್ಲಿ ರಜೆಯ ಅಭ್ಯಾಸವೂ ಮನೆಗೆ ಬರುತ್ತದೆ. ಅದರಲ್ಲಿ ನನಗೆ ಅಕ್ಕರೆ ಭಿನ್ನರಾಶಿಯ ಹಾಳೆಗಳ ಮೇಲೆ: ಅರ್ಧ ಪಣತಿಗಳಿಗೆ ಕೆಂಪು ಹಚ್ಚು, ಕಾಲು ಭಾಗಕ್ಕೆ ಹಳದಿ ಹಚ್ಚು ಎನ್ನುವಂಥವು.

ಖಾನಾಪುರದಲ್ಲಿರುವ ಅಣ್ಣನ ಮಗಳು ನಾಲ್ಕನೇ ಇಯತ್ತೆ. "ಅತ್ತಿ, ನಾಲ್ಕಕ್ಕಿಂತ ಎಂಟು ದೊಡ್ಡದಲ್ಲೇನ? ಮತ್ತ ಎಂಟನೇ ಒಂದು ಹೆಂಗ ಸಣ್ಣದಾತು?" ಅಂದಳು. ಆಕಾಶಬುಟ್ಟಿಗೆಂದು ತಂದಿದ್ದ ಕಾಗದದ ಮೇಲೆ ತಾಟು ಬೋರಲಿಟ್ಟು ಗೆರೆ ಎಳೆದು, ದುಂಡಗೆ ಕತ್ತರಿಸಿ ಕೊಟ್ಟೆ. ಒಮ್ಮೆ ಮಡಚಿದಳು, ಅರ್ಧ. ಇನ್ನೊಮ್ಮೆ, ಕಾಲು. ಮೂರನೇ ಸಲ ಉಗುರಿನಿಂದ ಗೀರಿ ಬಿಚ್ಚಿದರೆ ಎಂಟು ಎಸಳು. ಒಂದಕ್ಕೆ ಗುಲಾಬಿ ಬಣ್ಣ ಹಚ್ಚಿದಳು, ಪಕ್ಕದ್ದಕ್ಕೂ ಹಚ್ಚಿದಳು. ಎರಡರ ಮೇಲೂ ಬೆರಳಾಡಿಸಿ, "ಇವೆರಡೂ ಕೂಡಿದ್ರ ಕಾಲು" ಅಂದಳು.

ಅಚ್ಚಾದ ಹಾಳೆಯಲ್ಲಿ ಗೆರೆಯನ್ನು ಬೇರೆ ಯಾರೋ ಎಳೆದಿರುತ್ತಾರೆ. ಮಗು ಎಂಟು ಮನೆ ಎಣಿಸಿ, ಮೂರಕ್ಕೆ ಬಣ್ಣ ತುಂಬಿ 3/8 ಎಂದು ಬರೆಯುತ್ತದೆ. ಅದು ಎಣಿಕೆಯಾಯಿತು, ಪಾಲು ಮಾಡಿದಂತಾಗಲಿಲ್ಲ. ಪಾಲುಗಳೆಲ್ಲ ಸಮ ಇರಬೇಕೆಂಬುದೇ ಭಿನ್ನರಾಶಿಯ ಜೀವ. ಗಣಪತಿಯ ಚಿತ್ರವನ್ನು ನಾಲ್ಕಾಗಿ ಸೀಳಿ ಕಾಲು ಭಾಗಕ್ಕೆ ಬಣ್ಣ ಹಚ್ಚು ಎನ್ನುವ ಹಾಳೆ ನನಗೆ ಒಪ್ಪಿಗೆಯಿಲ್ಲ; ಸೊಂಡಿಲಿನ ತುಂಡೂ ಹೊಟ್ಟೆಯ ತುಂಡೂ ಎಲ್ಲಿಯ ಸಮ? ರಂಗೋಲಿಯ ಅಷ್ಟದಳ ಪದ್ಮ ಕೊಡಿ, ಹೋಳಿಗೆ ಕೊಡಿ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಆಡುತ್ತ, ಮಾಡುತ್ತ ಕಲಿಯುವ ದಾರಿ ತಂದಿತು. ಭಿನ್ನರಾಶಿ ಗಟ್ಟಿಯಾಗಿ ಎದುರಾಗುವುದು ಅದು ಮುಗಿದ ಮೇಲೆ. ಮಡಚಿ, ಕತ್ತರಿಸಿ, ಬಣ್ಣ ಹಚ್ಚುವ ಕೆಲಸ ಅಲ್ಲಿಯೇ ಹೆಚ್ಚು ಬೇಕು.

ಮಡಚಿ ಮೂರು ಸಮಪಾಲು ಮಾಡುವುದು ಮಾತ್ರ ಮಕ್ಕಳಿಗೆ ಕಷ್ಟ. ಅದಕ್ಕೆ ಕಂಪಾಸಿದೆ. ವೃತ್ತ ಎಳೆದ ಅಳತೆಯನ್ನು ಬದಲಿಸದೆ ಅಂಚಿನ ಮೇಲೆ ಗುರುತು ಹಾಕುತ್ತ ಹೋದರೆ, ಆರನೇ ಸಲಕ್ಕೆ ಮೊದಲಿನ ಗುರುತಿಗೇ ಬಂದು ಸೇರುತ್ತದೆ. ಆರು ಎಸಳಲ್ಲಿ ಎರಡಕ್ಕೆ ಹಸಿರು ಹಚ್ಚಿದರೆ ಮೂರನೇ ಒಂದು.

ಆಮೇಲೆ ಅಣ್ಣನ ಮಗಳೇ ಬಟ್ಟಲಿಟ್ಟು ಇನ್ನೊಂದು ಸಣ್ಣ ದುಂಡು ಕತ್ತರಿಸಿ, ಅರ್ಧಕ್ಕೆ ಕೆಂಪು ಹಚ್ಚಿ, ತಾಟಿನಷ್ಟಗಲದ್ದರ ಅರ್ಧದ ಮೇಲಿಟ್ಟಳು. "ಎರಡೂ ಅರ್ಧಾನ. ಆದ್ರ ಇದು ಸಣ್ಣ ಬುಟ್ಟೀದು."