ತುಂಬಾದ ಇಗರ್ಜಿ

ವಿಮಾನ ಗಾಳಿಯ ಆಸರೆಯಿಂದ ಹಾರುತ್ತದೆ. ರಾಕೆಟ್ ಗಾಳಿಯಿಲ್ಲದ ಬಾಹ್ಯಾಕಾಶಕ್ಕೂ ಹೋಗಬಲ್ಲದು. ಇವೆರಡನ್ನೂ ತಯಾರಿಸಿ ಹಾರಿಸುವ ಕೆಲಸಗಳಿಗೆಲ್ಲ ಸೇರಿ ಏರೋಸ್ಪೇಸ್ ಎಂಬ ಒಂದೇ ಹೆಸರಿದೆ. ಲೆಕ್ಕ ಹಾಕುವವರು, ಲೋಹ ಬೆಸೆಯುವವರು, ತಂತಿ ಜೋಡಿಸುವವರು, ಹೀಗೆ ಸಾವಿರಾರು ಜನ ಇದರಲ್ಲಿ ದುಡಿಯುತ್ತಾರೆ.

ನಮ್ಮ ದೇಶದ ಬಾಹ್ಯಾಕಾಶದ ಕೆಲಸ ಮೊದಲು ಬೇರೂರಿದ್ದು ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರಿನಲ್ಲಿ. ಊರವರು ತಮ್ಮ ಮನೆಗಳನ್ನೂ ಇಗರ್ಜಿಯನ್ನೂ ಬಿಟ್ಟುಕೊಟ್ಟರು. ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾಯಿತು. ರಾಕೆಟಿನ ಭಾಗಗಳನ್ನು ಸೈಕಲ್ಲಿನಲ್ಲಿ ಸಾಗಿಸಿದರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಮೇಲೇರಿತು.

ಆ ಇಗರ್ಜಿ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಎಲ್ಲರೊಡನೆ ನಾನೂ ಚಪ್ಪಾಳೆ ತಟ್ಟಿದೆ. ಆಗ ತುಂಬಾದ ಆ ಜನ ನನಗೆ ನೆನಪಾದರು. ಮಕ್ಕಳೇ, ಆ ಗೆಲುವಿನಲ್ಲಿ ಅವರ ಪಾಲೂ ಇದೆಯಲ್ಲವೇ?