ಇನ್ನೊಂದು ವರ್ಷ ತಡೀರಿ ಅಪ್ಪ

2013ರ ಸೆಪ್ಟೆಂಬರಿನಲ್ಲಿ, ಟಿವಿಗೆ ಚಿತ್ರ, ಧ್ವನಿ ಸಾಗಿಸುವ ಕೇಬಲ್ಲಿಗೆ ಎಚ್‌ಡಿಎಂಐ 2.0 ಎಂಬ ಹೊಸ ಮಾನದಂಡ ಪ್ರಕಟವಾಯಿತು. ಅದೇ ವರ್ಷ ಮೈಸೂರಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿ ಎದ್ದಿತು. ಅಲ್ಲೊಂದು ಕೋಣೆಯನ್ನು ಸಂಗೀತ ಕೇಳುವುದಕ್ಕೆ, ಸಿನಿಮಾ ನೋಡುವುದಕ್ಕೆ ಅಂತಲೇ ಬಿಟ್ಟಿದ್ದೆವು. ಹಣ ಬ್ಯಾಂಕಿನಲ್ಲಿತ್ತು. ಕೇಳಬೇಕಾದ ಮನುಷ್ಯ, ನಮ್ಮಪ್ಪ, ಕೆಳಗಿನ ಹಜಾರದಲ್ಲೇ ಇದ್ದರು. ಆದರೆ ಆ ಕೋಣೆಗೆ ಸ್ಪೀಕರ್ ಬಂದದ್ದು 2021ರಲ್ಲಿ. ನಡುವಿನ ಅಷ್ಟೂ ವರ್ಷ ನಾನು ಹೊಸ ಮಾನದಂಡಕ್ಕಾಗಿ ಕಾಯುತ್ತ ಕೂತಿದ್ದೆ. ಅದಕ್ಕೆ ದಂಡ ತೆತ್ತವರು ಅಪ್ಪ.

ಕಾಯುವ ಬುದ್ಧಿ ಸುಮ್ಮನೆ ಬಂದದ್ದಲ್ಲ. 2009ರ ಕೊನೆಯಲ್ಲಿ 'ಅವತಾರ್' ಬಂದಮೇಲೆ ಮರುವರ್ಷವೇ ಅಂಗಡಿಗಳಲ್ಲಿ ತ್ರೀಡಿ ಟಿವಿಗಳು ತುಂಬಿಕೊಂಡವು. ಅಂಥದ್ದೊಂದನ್ನು ನಾನೂ ತಂದೆ. ಬ್ಯಾಟರಿ ಹಾಕುವ ಕನ್ನಡಕ ತೊಟ್ಟು ನೋಡುವುದಕ್ಕೆ ಡಿಸ್ಕುಗಳೇ ಸಿಗುತ್ತಿರಲಿಲ್ಲ. ಅಮ್ಮನಿಗೆ ಹತ್ತು ನಿಮಿಷಕ್ಕೆಲ್ಲ ತಲೆನೋವು. ಕೆಲವೇ ವರ್ಷಗಳಲ್ಲಿ ತಯಾರಕರೇ ಒಬ್ಬೊಬ್ಬರಾಗಿ ಕೈಬಿಟ್ಟು, 2017ರ ಹೊತ್ತಿಗೆ ಉಳಿದಿದ್ದ ದೊಡ್ಡ ಕಂಪನಿಗಳೂ ನಿಲ್ಲಿಸಿದವು. ಅದಕ್ಕೂ ಮೊದಲು ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಡಿಸ್ಕ್ ಬಗೆಗಳ ನಡುವಿನ ಪೈಪೋಟಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. 2006ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಡಿ ಡಿವಿಡಿಯನ್ನು 2008ರ ಫೆಬ್ರವರಿಯಲ್ಲಿ ತೊಶಿಬಾ ಕೈಬಿಟ್ಟಿತು. ಅದರ ಪ್ಲೇಯರ್ ಕೊಂಡವರಿಗೆ ಮುಂದೆ ಹೊಸ ಸಿನಿಮಾವೇ ಇಲ್ಲದಂತಾಯಿತು. ಇವೆರಡರಿಂದ ನಾನು ಕಲಿತದ್ದು 'ಅವಸರ ಪಡಬಾರದು' ಎಂಬುದನ್ನು ಮಾತ್ರ. ಯಾವುದಕ್ಕೆ ಅವಸರ ಬೇಡ, ಯಾವುದಕ್ಕೆ ತಡ ಮಾಡಬಾರದು ಎಂದು ಬೇರೆ ಮಾಡಿ ನೋಡಲಿಲ್ಲ.

ಗೋಡೆಗೆ ಗಾರೆ ಬಳಿಯುವ ಮುನ್ನ ವೈರಿಂಗ್ ಮಾಡುತ್ತಿದ್ದ ಹುಡುಗ ಕೇಳಿದ್ದ, "ಸಾರ್, ಸ್ಪೀಕರಿಗೆ, ಟಿವಿಗೆ ಪೈಪ್ ಬಿಟ್ಟುಬಿಡ್ಲಾ?" ಯಾವ ಕೇಬಲ್ ಬರುತ್ತದೋ, ಎಲ್ಲಿ ಸ್ಪೀಕರ್ ಇಡಬೇಕೋ ಇನ್ನೂ ಗೊತ್ತಿಲ್ಲ, ಆಮೇಲೆ ನೋಡೋಣ ಅಂದೆ. ಅವನಿಗೆ ತಿಳಿದಿದ್ದು ನನಗೆ ತಿಳಿಯಲಿಲ್ಲ. ಖಾಲಿ ಪೈಪಿಗೆ ಯಾವ ಮಾನದಂಡವೂ ಇಲ್ಲ, ನಾಳೆ ಬರುವ ಕೇಬಲ್ ಕೂಡ ಅದರೊಳಗೇ ಹೋಗುತ್ತದೆ. 2021ರಲ್ಲಿ ಅದೇ ಗೋಡೆಗಳನ್ನು ಕೊರೆಸಿ, ದೂಳೆಬ್ಬಿಸಿ, ಮತ್ತೆ ಬಣ್ಣ ಬಳಿಸಬೇಕಾಯಿತು.

ಕಾಯುವುದು ಹೇಗೆ ಬೆಳೆಯುತ್ತ ಹೋಯಿತು ಎಂಬುದನ್ನು ಹೇಳಬೇಕು, ಏಕೆಂದರೆ ಪ್ರತಿ ಸಲವೂ ನನ್ನ ಬಳಿ ಸರಿಯಾದ ಕಾರಣವೇ ಇತ್ತು. ಟಿವಿಗೆ ಚಿತ್ರ ದಾಟಿಸಿ ಸ್ಪೀಕರಿಗೆ ಧ್ವನಿ ಹಂಚುವ ಪೆಟ್ಟಿಗೆಯೇ ರಿಸೀವರ್. 2013ರಲ್ಲಿ ಅಂಗಡಿಯಲ್ಲಿದ್ದ ರಿಸೀವರ್‌ಗಳೆಲ್ಲ ಹಳೆಯ ಎಚ್‌ಡಿಎಂಐ 1.4ರವು. 4ಕೆ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ ಸಾಗಿಸಲು 2.0 ಬೇಕು, ಹಾಗಾಗಿ ನಿಂತೆ. 2014ರಲ್ಲಿ 2.0 ಇರುವ ರಿಸೀವರ್ ಬಂತು. ಆದರೆ 4ಕೆ ಸಿನಿಮಾಗಳ ನಕಲು ತಡೆಯುವ ಎಚ್‌ಡಿಸಿಪಿ 2.2 ಎಂಬ ಬೀಗದ ವ್ಯವಸ್ಥೆ ಅವುಗಳಲ್ಲಿ ಬಹಳಷ್ಟಕ್ಕೆ ಇರಲಿಲ್ಲ. ಅದಿಲ್ಲದಿದ್ದರೆ ಬೀಗ ಹಾಕಿದ 4ಕೆ ಸಿನಿಮಾ ರಿಸೀವರ್ ದಾಟಿ ಟಿವಿಗೆ ಹೋಗುವುದಿಲ್ಲ. ಮತ್ತೆ ನಿಂತೆ. ಅದೇ ವರ್ಷ ಡಾಲ್ಬಿ ಅಟ್ಮಾಸ್ ಎಂಬ ಧ್ವನಿ ಪದ್ಧತಿ ಥಿಯೇಟರಿನಿಂದ ಮನೆಗೂ ಬಂತು. ಇನ್ನು ಚಾವಣಿಯಲ್ಲೂ ಸ್ಪೀಕರ್! ಅದಕ್ಕೆ ಎದುರಾಗಿ ಡಿಟಿಎಸ್ ಕಂಪನಿಯ ಹೊಸ ಪದ್ಧತಿ 2015ರಲ್ಲಿ ಬಂತು. ಯಾವುದು ಗೆಲ್ಲುತ್ತದೋ ನೋಡೋಣ ಎಂದು ಕೂತೆ. ಎರಡೂ ಉಳಿದವು, ಎರಡನ್ನೂ ಒಂದೇ ಪೆಟ್ಟಿಗೆ ನುಡಿಸತೊಡಗಿತು. 2015ರಲ್ಲೇ ಬೆಳಕು, ಬಣ್ಣಗಳ ಹರವು ಹೆಚ್ಚಿಸುವ ಎಚ್‌ಡಿಆರ್‌ಗಾಗಿ 2.0ಎ, 2016ರಲ್ಲಿ 4ಕೆ ಬ್ಲೂ-ರೇ. ಇನ್ನೇನು ಕೊಳ್ಳಬೇಕು ಅನ್ನುವಷ್ಟರಲ್ಲಿ, 2017ರ ನವೆಂಬರಿನಲ್ಲಿ ಎಚ್‌ಡಿಎಂಐ 2.1 ಪ್ರಕಟವಾಯಿತು: ಸೆಕೆಂಡಿಗೆ 18 ಗಿಗಾಬಿಟ್ ಇದ್ದದ್ದು ಒಮ್ಮೆಗೇ 48 ಗಿಗಾಬಿಟ್. ಅದಿರುವ ರಿಸೀವರ್ ಅಂಗಡಿಗೆ ಬರಲು 2020 ಆಗಬೇಕಾಯಿತು. ಬಂದಮೇಲೆ, ಹಲವು ಬ್ರ್ಯಾಂಡ್‌ಗಳು ಬಳಸಿದ್ದ ಒಂದೇ ಚಿಪ್‌ನಲ್ಲಿ ದೋಷವಿದ್ದು, ಹೊಸ ಗೇಮ್ ಕನ್ಸೋಲ್ ಸೇರಿಸಿದರೆ ಕೆಲವು ಸೆಟ್ಟಿಂಗ್‌ಗಳಲ್ಲಿ ಪರದೆ ಕಪ್ಪಾಗುತ್ತಿತ್ತು. ಮೂರು ವರ್ಷ ಕಾದು ಮೊದಲು ಕೊಂಡವರಿಗೇ ಆ ತೊಂದರೆ.

ಬೆಂಗಳೂರಿನ ಅಂಗಡಿಯ ಹಿರಿಯರೊಬ್ಬರು ನನಗೆ ಆಗಲೇ ಹೇಳಿದ್ದರು: "ಸಾರ್, ಈ ಪೆಟ್ಟಿಗೆ ಹೆಂಗೂ ಹಳೇದಾಗತ್ತೆ. ಸ್ಪೀಕರ್ ಒಳ್ಳೇದು ತಗೊಳ್ಳಿ, ರಿಸೀವರ್ ಕಮ್ಮಿದು ತಗೊಳ್ಳಿ, ಇವತ್ತೇ ಶುರು ಮಾಡಿ." ಮಾಲು ಸಾಗಿಸಲು ಹೇಳುತ್ತಿದ್ದಾರೆ ಎಂದುಕೊಂಡು ಬಂದೆ. ಆ ವ್ಯಾಪಾರದಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಮಾತು ಅದು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಪ್ರೌಢಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಗಣೇಶನ ಹಬ್ಬದ ಹೊತ್ತಿಗೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಸಂಗೀತೋತ್ಸವಕ್ಕೆ ತಪ್ಪದೆ ಹೋಗಿ ಮುಂದಿನ ಸಾಲಿನಲ್ಲಿ ಕೂರುವವರು. ಅವರಿಗೆ ದೇವರೆಂದರೆ ಪಿಟೀಲು ಚೌಡಯ್ಯನವರು. ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಕೊಂಡ ಮಹಾನುಭಾವರು ಚೌಡಯ್ಯ. 1967ರಲ್ಲಿ ಅವರು ತೀರಿಕೊಂಡರು. ಅವರ ಧ್ವನಿಮುದ್ರಣಗಳೆಲ್ಲ ಆ ಕಾಲದ ಮೋನೊ. ಅಂದರೆ ಒಂದೇ ಚಾನೆಲ್. ಚಾವಣಿಯ ಸ್ಪೀಕರ್ ಇದ್ದರೂ ಇಲ್ಲದಿದ್ದರೂ ಅವಕ್ಕೆ ಒಂದೇ. ಅಪ್ಪನಿಗೆ ಬೇಕಿದ್ದುದು ಆ ನಾದವನ್ನು ತುಂಬಿಕೊಡುವ ಒಂದು ಜೊತೆ ಒಳ್ಳೆಯ ಸ್ಪೀಕರ್, ಅಷ್ಟೇ. ಅದನ್ನು ನಾನು ಒಂದು ಸಲವೂ ಕೂತು ಕೇಳಿ ತಿಳಿದುಕೊಳ್ಳಲಿಲ್ಲ. ಮಾನದಂಡಗಳ ಬಗ್ಗೆ ಓದಿದಷ್ಟು ಅವರ ಬಗ್ಗೆ ಯೋಚಿಸಲಿಲ್ಲ.

2014ರ ನವೆಂಬರಿನಲ್ಲಿ ಬಣ್ಣ ತುಂಬಿದ 'ಕಸ್ತೂರಿ ನಿವಾಸ' ಬಿಡುಗಡೆಯಾದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. 1971ರಲ್ಲಿ ಕಪ್ಪು ಬಿಳುಪಿನಲ್ಲಿ ನೋಡಿದ ಸಿನಿಮಾವನ್ನು ಅವರು ಮಗುವಿನಂತೆ ನೋಡಿದರು. ಮನೆಗೆ ಬರುವಾಗ ಕೇಳಿದರು, "ಮೇಲಿನ ರೂಮಿಗೆ ಅದೇನೋ ಬರ್ಲಿ ಅಂತಿದ್ಯಲ್ಲ, ಬಂತೇನಪ್ಪ?" ಇನ್ನೊಂದು ವರ್ಷ ತಡೀರಿ ಅಪ್ಪ, ಈಗ ತಗೊಂಡ್ರೆ ಹಾಳು ಅಂದೆ.

ಮರುವರ್ಷ ನಡೆದದ್ದನ್ನು ಬರೆಯಲು ಕಷ್ಟವಾಗುತ್ತದೆ. ಪೆನ್ಷನ್ ಬಾಕಿ ಬಂದಿತ್ತು. ತಾನೇ ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದುಕೊಳ್ಳುತ್ತೇನೆ ಎಂದು ಅಪ್ಪ ಅಂಗಡಿಯಲ್ಲಿ ಬೆಲೆ ವಿಚಾರಿಸಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ನಾನು ತಡೆದೆ. ಸ್ಟೀರಿಯೊ ಎಲ್ಲ ಹಳೇ ಕಾಲದ್ದು, ಬರೋದೇ ಪೂರ್ತಿ ಸೆಟ್ ಬರ್ಲಿ, ಸುಮ್ಮನೆ ಎರಡೆರಡು ಖರ್ಚು ಯಾಕೆ ಅಂದೆ. ಅವರು ವಾದ ಮಾಡುವವರಲ್ಲ. "ಸರಿ, ನಿನಗೆ ಗೊತ್ತಿರತ್ತೆ" ಅಂದರು. ನಾನು ಕೊಳ್ಳದೆ ಕಾದದ್ದು ನನ್ನ ತಪ್ಪು; ಅವರು ಕೊಳ್ಳುವುದನ್ನೂ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡದು.

2021ರಲ್ಲಿ ಎಲ್ಲವೂ ಬಂತು. ಚೆಂದದ ಸ್ಪೀಕರ್‌ಗಳು, ಹೊಸ ರಿಸೀವರ್, ದೊಡ್ಡ ಪರದೆ. ಮೊದಲಿಗೆ ಚೌಡಯ್ಯನವರನ್ನೇ ಹಾಕಿದೆ. ಅಪ್ಪ ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ಪಿಟೀಲು ಯಾಕೋ ಮಂಕಾಗಿದೆ, ಅಲ್ವಾ? ಮೃದಂಗ ಚೆನ್ನಾಗಿದೆ" ಅಂದರು. ನಾನು ಸ್ಪೀಕರಿನ ಏರುದನಿಯ ಭಾಗವಾದ ಟ್ವೀಟರ್ ಪರೀಕ್ಷಿಸಿದೆ, ವೈರ್ ಬಿಚ್ಚಿ ಕಟ್ಟಿದೆ, ರಿಸೀವರಿನ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸಿದೆ. ನನಗೆ ಪಿಟೀಲು ಮಿಂಚಿನಂತೆ ಕೇಳುತ್ತಿತ್ತು. ಸಿನಿಮಾ ಹಾಕಿದರೆ, "ದನಿ ಕೇಳತ್ತೆ, ಏನಂದ್ರು ಅಂತ ಗೊತ್ತಾಗಲ್ಲ" ಅನ್ನುತ್ತಿದ್ದರು. ಆಗ ಅಮ್ಮ ಹೇಳಿದಳು, ಕೊರೊನಾದಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗಿನಿಂದ ಇವರು ಯಾರ ಮಾತಿಗೂ ಸರಿಯಾಗಿ ಉತ್ತರ ಕೊಡುತ್ತಿಲ್ಲ ಅಂತ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಸದ್ದು ಒಳಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ತಗ್ಗಿನ ಸ್ಥಾಯಿಯ ದನಿ, ಏರು ಸ್ಥಾಯಿಯ ದನಿಗಳನ್ನು ಒಂದೊಂದಾಗಿ ಕೇಳಿಸಿ ಗುರುತು ಮಾಡಿದರು. ಕಾಗದದ ಮೇಲಿನ ಗೆರೆ 1000 ಹರ್ಟ್ಸ್‌ವರೆಗೆ ಪರವಾಗಿರಲಿಲ್ಲ, 2000 ದಾಟಿದ ಮೇಲೆ ಇಳಿಜಾರಿನಲ್ಲಿ ಜಾರಿತ್ತು. ವಯಸ್ಸಾದಂತೆ ಮೊದಲು ಹೋಗುವುದು ಏರುದನಿ ಹಿಡಿಯುವ ಶಕ್ತಿಯೇ ಎಂದು ಅಲ್ಲಿನವರು ಬಿಡಿಸಿ ಹೇಳಿದರು. ಸ್ವರಾಕ್ಷರಗಳು ತಗ್ಗಿನ ದನಿಯಲ್ಲಿ ಗಟ್ಟಿಯಾಗಿರುತ್ತವೆ, ಅವು ಕೇಳುತ್ತವೆ. ಸ, ಶ, ಚ, ತ ಇಂಥ ವ್ಯಂಜನಗಳು ಏರುದನಿಯವು, ಮೆಲ್ಲಗಿನವು, ಅವು ಕಳೆದುಹೋಗುತ್ತವೆ. ಎದುರಿನವರ ತುಟಿ ನೋಡಿ ಅಪ್ಪ ಇಷ್ಟು ವರ್ಷ ಆ ಕೊರತೆ ತುಂಬಿಕೊಳ್ಳುತ್ತಿದ್ದರು, ಮಾಸ್ಕ್ ಬಂದು ಅದೂ ತಪ್ಪಿತು. ಪಿಟೀಲಿಗೆ ಹೊಳಪು ಕೊಡುವುದೂ ಆ ಮೇಲಿನ ಆವರ್ತನಗಳೇ. ಒಳಕಿವಿಯ ರೋಮಕೋಶಗಳು ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದು ಒಂದು ದಿನದಲ್ಲಿ ಆದದ್ದಲ್ಲ, ಮೆಲ್ಲನೆ ವರ್ಷಗಟ್ಟಲೆ ಆಗುವಂಥದ್ದು ಎಂದರು. ಆ ವರ್ಷಗಳು ಯಾವುವು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಶ್ರವಣ ಯಂತ್ರ ಹಾಕಿಸಿದೆವು. ಮಾತಿಗೆ ಬಹಳ ಅನುಕೂಲವಾಗಿದೆ. ಸಂಗೀತಕ್ಕೆ ಅಷ್ಟಿಲ್ಲ, ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗಾಗಿಯೇ ರೂಪಿಸಿರುತ್ತಾರೆ. ಸಂಗೀತಕ್ಕೆಂದು ಬೇರೆ ಪ್ರೋಗ್ರಾಂ ಹಾಕಿಸಿದ್ದೇವೆ. ಮಾತು ಹೊರಡುವ ನಡುವಿನ ಸ್ಪೀಕರಿನ ದನಿ ಏರಿಸಿಟ್ಟಿದ್ದೇನೆ. ಅಪ್ಪ ಈಗಲೂ ಮೇಲೆ ಬಂದು ಕೂರುತ್ತಾರೆ, ಕನ್ನಡ ಸಬ್‌ಟೈಟಲ್ ಇದ್ದರೆ ಸಂತೋಷ ಪಡುತ್ತಾರೆ.

ಈಗ ಲೆಕ್ಕ ಹಾಕಿದರೆ ನಾನು ಕಾದ ಒಂದೊಂದು ಕಾರಣವೂ ನಮ್ಮ ಮನೆಗೆ ಸಂಬಂಧಪಟ್ಟದ್ದೇ ಅಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಎಚ್‌ಡಿಆರ್ ಸಮೇತ 4ಕೆ ಸಿನಿಮಾಗೆ 2015ರ ಮಾನದಂಡದ 18 ಗಿಗಾಬಿಟ್ ಧಾರಾಳವಾಯಿತು. 48 ಗಿಗಾಬಿಟ್ ಬೇಕಿರುವುದು ಸೆಕೆಂಡಿಗೆ 120 ಫ್ರೇಮಿನ ಗೇಮಿಗೆ, 8ಕೆ ಚಿತ್ರಕ್ಕೆ. ನಮ್ಮಲ್ಲಿ ಗೇಮ್ ಆಡುವವರಿಲ್ಲ, ಬ್ಲೂ-ರೇ ಡಿಸ್ಕಿನ ಮಿತಿಯೇ 4ಕೆ. ಎಚ್‌ಡಿಸಿಪಿ 2.2 ಇಲ್ಲದ ರಿಸೀವರ್ ಆಗಿದ್ದರೂ ಪ್ಲೇಯರನ್ನು ನೇರ ಟಿವಿಗೆ ಸೇರಿಸಿ, ಟಿವಿಯ ಎಆರ್‌ಸಿ ಕಿಂಡಿಯಿಂದ ಧ್ವನಿಯನ್ನು ವಾಪಸ್ ತರಬಹುದಿತ್ತು. ಹೊಸ ಇ-ಎಆರ್‌ಸಿ ಬಂದರೇ ಅಟ್ಮಾಸ್ ಎಂದುಕೊಂಡಿದ್ದೆ. ಆದರೆ ಒಟಿಟಿಯಲ್ಲಿ ಬರುವ ಅಟ್ಮಾಸ್ ಹಿಂಡಿ ಚಿಕ್ಕದಾಗಿಸಿದ ರೂಪದಲ್ಲಿ ಬರುವುದರಿಂದ ಹಳೆಯ ಎಆರ್‌ಸಿಯಲ್ಲೇ ಸಾಗುತ್ತದೆ. ಸಾಲದ್ದಕ್ಕೆ, 2.1ರ ಹೊಸ ಅನುಕೂಲಗಳೆಲ್ಲ ಐಚ್ಛಿಕವಂತೆ. ಪೆಟ್ಟಿಗೆಯ ಮೇಲೆ ಆ ಅಂಕಿ ಇದ್ದ ಮಾತ್ರಕ್ಕೆ 48 ಗಿಗಾಬಿಟ್ ಇರಲೇಬೇಕು ಅಂತಿಲ್ಲ. 2025ರಲ್ಲಿ 96 ಗಿಗಾಬಿಟ್ಟಿನ 2.2 ಕೂಡ ಬಂದಾಯಿತು.

ಮನೆ ಕಟ್ಟಿಸುತ್ತಿರುವವರಿಗೆ ನನ್ನ ವಿನಂತಿ ಇಷ್ಟು. ಗಾರೆಗೆ ಮುಂಚೆ ಟಿವಿಯಿಂದ ಸ್ಪೀಕರ್ ಜಾಗಗಳಿಗೆಲ್ಲ ಅಗಲವಾದ ಪೈಪ್ ಹಾಕಿಸಿ. ಮೂಲೆಗಳಲ್ಲಿ ಕಡಿದಾದ ತಿರುವು ಬೇಡ, ಎಚ್‌ಡಿಎಂಐ ಪ್ಲಗ್ ಸಿಕ್ಕಿಕೊಳ್ಳುತ್ತದೆ. ಒಳಗೊಂದು ಎಳೆದಾರ ಬಿಟ್ಟಿರಿ. ಹಣದ ದೊಡ್ಡ ಪಾಲನ್ನು ಸ್ಪೀಕರಿಗೆ ಇಡಿ, ಅದರ ಎರಡು ತಂತಿಯ ಜೋಡಣೆ ದಶಕಗಳಿಂದ ಬದಲಾಗಿಲ್ಲ. ಇನ್ನು ಮನೆಯಲ್ಲಿ ಅರವತ್ತು ದಾಟಿದವರಿದ್ದರೆ, ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರಿಗೆ ಬೇಕಾದ ಸಂಗೀತವನ್ನೇ ಹಾಕಿಸಿ ಕೇಳಿಸಿ. ಇದು ಚೆನ್ನಾಗಿದೆ ಎಂದು ಅವರು ಅಂದರೆ, ಅದನ್ನು ಅವತ್ತೇ ಮನೆಗೆ ತನ್ನಿ.